ಹೊರೆಯ ಫ್ಯಾನು, ಓಟದ ಫ್ಯಾನು

ಹನ್ನೊಂದಕ್ಕೆ ಮುಂಚೆ ಅಂಬಿಗ ಬೈರಯ್ಯನನ್ನು ಪೊಲೀಸಿಗೆ ಒಪ್ಪಿಸುವುದಾಗಿ ದೋಣಿಯ ಮಾಲೀಕ ಚನ್ನಪ್ಪ ಕೂಗಾಡುತ್ತಿದ್ದಾಗ ನಾವು ಹೊಳೆನರಸೀಪುರದ ಹೊಳೆದಂಡೆ ತಲುಪಿದೆವು. ನಾವೆಂದರೆ ನಿವೃತ್ತ ಹೆರಿಗೆ ನರ್ಸು ಶಿವಗಂಗಮ್ಮ ಮತ್ತು ಆಕೆಯ ಆಸ್ಪತ್ರೆಯಲ್ಲೇ ಕಾಂಪೌಂಡರ್ ಆಗಿದ್ದ ನಾನು, ಪುಟ್ಟಸ್ವಾಮಿ. ಊರಿನಲ್ಲಿ ಏನು ಎಡವಟ್ಟಾದರೂ ಆಕೆಗೆ ಕರೆ ಬರುತ್ತಿತ್ತು. ಕೊಡೆ ಹಿಡಿಯುವ ಕೆಲಸ ನನ್ನದು.

ಅರವತ್ತೆರಡನೆಯ ಇಸವಿ, ದಸರೆ ಮುಗಿದ ಮಾರನೆಯ ಬೆಳಿಗ್ಗೆ. ಹೊಳೆ ದಾಟಿಸುವ ಗುತ್ತಿಗೆಗಾಗಿ ಚನ್ನಪ್ಪ ಮೋಟಾರು ದೋಣಿ ತಂದಿದ್ದ. ಅದರ ಓಟ ನೋಡಿ ಒಪ್ಪಿಗೆ ಕೊಡಲು ಹನ್ನೊಂದಕ್ಕೆ ಹಾಸನದಿಂದ ಎಂಜಿನಿಯರು ಬರುವವರಿದ್ದರು. ಆದರೆ ಆ ಬೆಳಿಗ್ಗೆ ಎಂಜಿನ್ ಅರಚಿಕೊಂಡರೂ ದೋಣಿ ತುಂಬುಬಸುರಿ ಎಮ್ಮೆಯಂತೆ ತೆವಳಿತ್ತು.

"ನೀರು ತಳ್ಳೋ ಓಟದ ಫ್ಯಾನು ಬದಲಾಯಿಸಿ ಹೊರೆ ಫ್ಯಾನು ಹಾಕವ್ನೆ ಕಣಮ್ಮ, ಈ ಬೈರ," ಎಂದ ಚನ್ನಪ್ಪ.

ಬೈರಯ್ಯ ತನ್ನ ಹರಿಗೋಲು ಮಾರಿ ಈ ದೋಣಿ ನಡೆಸಲು ಬಂದವನು. ಈ ಕೆಲಸ ಹೋದರೆ ಅವನ ಮನೆಯ ಒಲೆ ಉರಿಯುವಂತಿರಲಿಲ್ಲ. "ನಾ ಮುಟ್ಟಿಲ್ಲ ಅಮ್ಮಾವ್ರೆ," ಎಂದಷ್ಟೇ ಹೇಳಿದ.

ಮೆಕ್ಯಾನಿಕ್ ದೇವರಾಜು ವಿವರಿಸಿದ: "ಓಟದ್ದಕ್ಕೆ ರೆಕ್ಕೆ ತಿರುವು ಜಾಸ್ತಿ, ಒಂದು ಸುತ್ತಿಗೇ ದೂರ ತಳ್ತದೆ. ಹೊರೆದು ಸ್ವಲ್ಪ ದೊಡ್ಡದು, ತಿರುವು ಕಮ್ಮಿ. ಓಟದ್ದಕ್ಕೆ ಕೆಂಪು ಬಣ್ಣ ಬಳಿದಿದ್ದೆ. ಎರಡೂ ಹಬ್ಬಕ್ಕೆ ಧಣಿ ಮನೇಲಿದ್ವು. ಇವತ್ತು ಬೆಳಿಗ್ಗೆ ಕೆಂಪು ಇರೋದನ್ನೇ ನೋಡಿ ಹಾಕ್ದೆ. ಆಮೇಲೆ ಅರ್ಧ ಗಂಟೆ ದೋಣಿ ಹತ್ರ ಬೈರಯ್ಯ ಒಬ್ನೇ ಇದ್ದ."

ಶಿವಗಂಗಮ್ಮ ದಂಡೆಗೆಳೆದ ದೋಣಿಯ ಹಿಂಬದಿಗೆ ಬಗ್ಗಿ ನೋಡಿದರು. ಹಿತ್ತಾಳೆ ಫ್ಯಾನು ಥಳಥಳ ಹೊಳೆಯುತ್ತಿತ್ತು. ನಟ್ಟಿನ ಸಂದಿಗೆ ಬೆರಳು ಹಾಕಿ ತೆಗೆದು, ಅಂಟಿದ ಕೆಂಪನ್ನು ಮೂಸಿದರು. "ಚನ್ನಪ್ಪ, ನಿಮ್ಮ ತಾಯೀನ ಕರೆಸು."

ದೊಡ್ಡತಾಯಮ್ಮ ಬಂದರು. ಎಲ್ಲರೂ ಸುತ್ತ ನಿಂತೆವು.

"ಬಣ್ಣ ಆಗಿದ್ರೆ ಬೆರಳಿಗೆ ಅಂಟ್ತಿರಲಿಲ್ಲ, ಇದು ಕುಂಕುಮ," ಎಂದರು ಶಿವಗಂಗಮ್ಮ. "ಹೊಳೇಲಿ ಓಡಿದ ಹಿತ್ತಾಳೆ ಹಿಂಗೆ ಹೊಳೀಬೇಕಾದ್ರೆ ಹುಣಸೇಹಣ್ಣು ಬೇಕು. ಆಯುಧಪೂಜೆಗೆ ತಿಕ್ಕಿದ್ರಾ, ಅಮ್ಮ?"

"ತಿಕ್ಕದೆ ಪೂಜೆ ಮಾಡಕಾಯ್ತದಾ? ಒಂದಕ್ಕೆ ಅದೆಂತದೋ ಕೆಂಪು ಕೊಳೆ ಇಡ್ಕಂಡಿತ್ತು. ಬೂದಿ ಹಾಕಿ ಉಜ್ಜಿ ಉಜ್ಜಿ ತೆಗ್ದೆ."

"ಕುಂಕುಮ?"

"ದೊಡ್ಡದಕ್ಕೆ ಮಾತ್ರ ಇಟ್ಟೆ. ಮನೇಲಿ ಹಿರೀರಿಗೇ ಮೊದ್ಲು ಅಲ್ವಾ? ಚಿಕ್ಕದಕ್ಕೆ ಇಡೋವಷ್ಟ್ರಲ್ಲಿ ಹಾಲು ಉಕ್ತು."

ದೇವರಾಜು ತಲೆ ಚಚ್ಚಿಕೊಂಡ. ಕೆಂಪು ಕಂಡ ಕೂಡಲೇ ಹೊರೆಯ ಫ್ಯಾನನ್ನು ಬಿಗಿದವನು ಅವನೇ.

ಹತ್ತೇ ನಿಮಿಷದಲ್ಲಿ ಓಟದ ಫ್ಯಾನು ಏರಿತು. ದೋಣಿ ಹಾರಿತು, ಆದರೆ ವೇಗ ಹೆಚ್ಚಿದಂತೆ ಮೂತಿ ಎತ್ತಿ ಕುಪ್ಪಳಿಸತೊಡಗಿತು. ಅಷ್ಟರಲ್ಲಿ ಎಂಜಿನಿಯರ ಜೀಪು ಬಂತು. ಬೈರಯ್ಯ ದೋಣಿಯನ್ನು ದಂಡೆಗೆ ತಂದ.

"ಮುಂದ್ಗಡೆ ಬಾರ ಬೇಕು. ಬನ್ನಿ ಧಣಿ, ಮೂತಿ ಮೇಲೆ ಕೂತ್ಕಳಿ," ಎಂದ ಚನ್ನಪ್ಪನಿಗೆ.

ಚನ್ನಪ್ಪ ಒಮ್ಮೆ ತನ್ನ ಜರಿ ಪಂಚೆಯನ್ನೂ ಒಮ್ಮೆ ತಾಯಿಯ ಮುಖವನ್ನೂ ನೋಡಿ, ಹೋಗಿ ಕೂತ. ದೋಣಿ ನೆಟ್ಟಗೆ, ಸರ್ರನೆ ಹೊಳೆ ದಾಟಿತು. ಎಂಜಿನಿಯರು ಗಡಿಯಾರ ನೋಡಿ ತಲೆದೂಗಿದರು.

ನೆತ್ತಿಯಿಂದ ಪಾದದವರೆಗೆ ತೊಯ್ದು ಇಳಿದ ಚನ್ನಪ್ಪ ಬೈರಯ್ಯನ ಮುಂದೆ ನಿಂತು, "ನಾಳೆಯಿಂದ ನಾನು ಎಲ್ಲಿ ಕೂರ್ಬೇಕು ಅಂತ ನೀನೇ ಹೇಳಪ್ಪ," ಎಂದ.