ಸುಳ್ಳಿಗೆ ಆರುವ ದೀಪ

ಮೆಟ್ಟಿಲು ಹತ್ತುವಾಗಲೇ ಅವಳು ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದಳು. ಕಂಕುಳಲ್ಲಿ ತನ್ನ ಮೊದಲ ಕಾದಂಬರಿಯ ಹಸ್ತಪ್ರತಿ. ಅದರ ಕೊನೆಯ ಅಧ್ಯಾಯದಲ್ಲಿ, ಅಮ್ಮ ಓದಿ ಕಣ್ಣೊರೆಸಿಕೊಂಡಿದ್ದ ಪುಟದಲ್ಲೇ, ಯಾವನೋ ಪುಣ್ಯಾತ್ಮ ಕೆಂಪು ಪೆನ್ನಿನಲ್ಲಿ ಬರೆದಿದ್ದ: ‘ದೀಪ ಯಾಕೆ ಆರಲಿಲ್ಲ?’

ಅಷ್ಟೇ. ಚೆನ್ನಾಗಿದೆ ಎಂದಿಲ್ಲ, ಕಣ್ಣು ತುಂಬಿ ಬಂತು ಎಂದಿಲ್ಲ. ದೀಪ ಯಾಕೆ ಆರಲಿಲ್ಲವಂತೆ!

ಪ್ರಕಾಶನದ ಕಚೇರಿ ಎಂದರೆ ಮಹಡಿಯ ಮೇಲಿನ ಒಂದು ಕೋಣೆ. ಪುಸ್ತಕದ ಕಟ್ಟುಗಳು ಕಿಟಕಿಯನ್ನೂ ಮುಚ್ಚಿ ಸೂರಿಗೆ ತಾಗಿದ್ದರಿಂದ ಒಳಗೆ ಹಗಲಲ್ಲೂ ಕತ್ತಲೆ. ಆ ಕತ್ತಲೆಯಲ್ಲಿ ಸ್ಟೂಲಿನ ಮೇಲೆ ನಿಂತು ಒಬ್ಬ ಬಲ್ಬು ಸಿಕ್ಕಿಸುತ್ತಿದ್ದ.

“ಏನ್ರೀ, ಇಲ್ಲಿ ಸಂಪಾದಕರು ಅಂತ ಒಬ್ಬರಿದ್ದಾರಲ್ಲ, ಎಲ್ಲಿ?”

“ಏನಾಗ್ಬೇಕಿತ್ತು?”

“ಅವರಿಗೆ ಹೃದಯ ಅನ್ನೋದು ಇದೆಯೋ ಇಲ್ವೋ ನೋಡ್ಬೇಕಿತ್ತು.”

“ಇದೆ ಅನ್ಸುತ್ತೆ. ಸದ್ಯಕ್ಕೆ ಕೈ ಖಾಲಿ ಇಲ್ಲ, ಅಷ್ಟೆ. ನಿಮ್ಮ ಬಲಗಡೆ ಸ್ವಿಚ್ ಇದೆ, ಸ್ವಲ್ಪ ಹಾಕ್ತೀರಾ?”

ಹಾಕಿದಳು. ಬೆಳಕಿನ ಕೆಳಗೆ ಒಂದು ಅಂಗಿ ಕಂಡಿತು, ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು ಕಂಡಿತು. ಅದರ ಮೇಲೆ ಎಡಕ್ಕೆ ವಾಲಿದ ಕನ್ನಡಕ, ಕನ್ನಡಕದ ಹಿಂದೆ ನಗುವನ್ನು ಬಿಗಿಹಿಡಿದ ಎರಡು ಕಣ್ಣು. ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮೆಟ್ಟಿಲಿಳಿದು ಓಡಿಹೋಯಿತು.

“ಕೂತ್ಕೊಳ್ಳಿ ಲೇಖಕಿಯವರೇ. ಜಗಳ ಕೂತು ಆಡಿದರೆ ಕಾಲು ನೋಯಲ್ಲ.”

ಅವಳು ಕೂತಳು. ಅವನು ಹಸ್ತಪ್ರತಿ ತೆರೆದ.

ಅವಳು ಕಟ್ಟಿದ್ದು ಒಂದು ದೀಪಗಳ ನಾಡು. ಅಲ್ಲಿ ಯಾರಾದರೂ ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳಿದರೆ ಹತ್ತಿರದ ದೀಪ ತಾನಾಗಿ ಆರಿಹೋಗುತ್ತದೆ. ನಾಡಿನ ಮೊದಲ ಕಾನೂನು ಇದು. ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತ, ಮನೆಯಲ್ಲಿ ಬಟ್ಟೆ ಮಡಚುತ್ತ, ಆ ನಾಡಿನ ಒಂದೊಂದು ಬೀದಿಯನ್ನೂ ಅವಳು ವರ್ಷಗಟ್ಟಲೆ ಮನಸ್ಸಿನಲ್ಲೇ ಸುತ್ತಿದ್ದಳು.

“ಅಲ್ಲಿನ ವ್ಯಾಪಾರಿಗಳು ದೀಪ ಹಚ್ಚೋ ಹೊತ್ತಿಗೆ ಮುಂಚೆ ಅಂಗಡಿ ಮುಚ್ತಾರೆ ಅಂತ ಬರೆದಿದ್ದೀರಲ್ಲ, ಅದನ್ನ ಓದಿ ಒಬ್ಬನೇ ನಕ್ಕೆ. ಆಮೇಲೆ ಆ ತಾಯಂದಿರು! ‘ಇದೇ ಕೊನೇ ತುತ್ತು ಕಂದಾ’ ಅಂದ ಕೂಡಲೇ ಬೀದಿಗೆ ಬೀದಿಯೇ ಕತ್ತಲಾಗೋದು. ಅಲ್ಲಿಗೆ ಬಂದಾಗ ನಾನು ಓದುಗ ಆಗಿರಲಿಲ್ಲ. ಆ ಊರಲ್ಲೇ ಇದ್ದೆ.”

ಹೊಗಳಿಕೆಗೆ ಅವಳು ತಯಾರಾಗಿ ಬಂದಿರಲಿಲ್ಲ. ಕಿವಿ ಬಿಸಿಯಾಯಿತು.

“ಹಾಗಿದ್ದ ಮೇಲೆ ಕೊನೇ ಅಧ್ಯಾಯದಲ್ಲಿ ಏನು ಕಷ್ಟ?”

“ನೀವೇ ಹೇಳಿ. ಅರಸ ನಿಮ್ಮ ನಾಯಕನನ್ನ ಸೆರೆಹಿಡಿದು ತಂದಿದ್ದಾನೆ. ಊರಿನ ದೀಪ ಹಚ್ಚೋ ನಿಮ್ಮ ನಾಯಕಿಯನ್ನ ಕರೆದು ಕೇಳ್ತಾನೆ, ಇವನಿಗೂ ನಿನಗೂ ಸಂಬಂಧ ಇದೆಯಾ ಅಂತ. ಇದೆ ಅಂದ್ರೆ ಇಬ್ಬರ ತಲೆಯೂ ಹೋಗುತ್ತೆ. ಇಲ್ಲ ಅಂದ್ರೆ ಯಾವನೋ ಅಲೆಮಾರಿ ಅಂತ ಅವನನ್ನ ಬಿಟ್ಟುಬಿಡ್ತಾರೆ. ಅವಳು ‘ಇವನು ನನಗೆ ಯಾರೂ ಅಲ್ಲ’ ಅಂತಾಳೆ. ದೀಪ ಉರೀತಾನೇ ಇರುತ್ತೆ. ಹಾಗಾದ್ರೆ ಅವಳು ಹೇಳಿದ್ದು ನಿಜ ಅಂತಾಯ್ತು. ಅವಳಿಗೆ ಅವನ ಮೇಲೆ ಪ್ರೀತಿನೇ ಇರಲಿಲ್ಲ.”

“ಇತ್ತು! ಪುಸ್ತಕದ ತುಂಬಾ ಇರೋದು ಅದೇ!”

“ಇತ್ತು ಅಂದ್ರೆ ದೀಪ ಆರಬೇಕು.”

“ಆರಿದ್ರೆ ಇಬ್ಬರೂ ಸಾಯ್ತಾರಲ್ಲ!”

“ಅದಕ್ಕೇ ಕೇಳಿದ್ದು.”

“ಅದೊಂದು ಸಲ ಆರಲಿಲ್ಲ ಅಂತ ಇಟ್ಕೊಳ್ಳಿ ಸ್ವಾಮಿ. ಪ್ರೀತಿಯ ಮಹಿಮೆ.”

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಕನ್ನಡಕವಿಲ್ಲದ ಆ ಮುಖ ಇನ್ನೂ ಪೂರ್ತಿ ಎಚ್ಚರವಾಗದ ಮಗುವಿನ ಮುಖದಂತಿತ್ತು. ಅವಳು ಸರಕ್ಕನೆ ಗೋಡೆ ನೋಡಿದಳು.

“ಇಲ್ಲದ ಊರನ್ನ ನಾವು ನಂಬೋದು ಅದರ ಕಾನೂನನ್ನ ನಂಬಿ. ನಮಗೆ ಬೇಕಾದಾಗ ಅದನ್ನ ಮುರಿದ್ರೆ ಓದುಗರು ಎದ್ದು ಮನೆಗೆ ಹೋಗ್ತಾರೆ. ಮತ್ತೆ ಕರೆದರೂ ಬರಲ್ಲ.”

ಅಷ್ಟರಲ್ಲಿ ಪ್ರಕಾಶಕಿ ಒಳಗೆ ಬಂದರು. ಬೀಗದ ಕೈಗೊಂಚಲು ಮೇಜಿನ ಮೇಲಿಟ್ಟು, ಇಬ್ಬರನ್ನೂ ನೋಡಿ, “ಜಗಳ ಮುಗೀತಾ?” ಎಂದರು. “ನೋಡಮ್ಮಾ, ಸೋಮವಾರ ಸಂಜೆ ಒಂದು ಪುಸ್ತಕ ಅಚ್ಚಿಗೆ ಹೋಗ್ಲೇಬೇಕು. ಈ ತೂತು ಮುಚ್ಚಿಕೊಟ್ರೆ ನಿಂದು ಹೋಗುತ್ತೆ. ಇಲ್ಲಾಂದ್ರೆ ಸರದಿಯಲ್ಲಿರೋ ಬೇರೆಯವರದ್ದು ಹೋಗುತ್ತೆ. ಮುಂದೆ ಯಾವಾಗ ಅಂತ ನಾನು ಮಾತು ಕೊಡೋಕಾಗಲ್ಲ.”

ಮನೆಗೆ ಬಂದು ಅವಳು ಪಾತ್ರೆ ತೊಳೆದಳು. ಪಾತ್ರೆಗಳು ಮಾಡಿದ ಸದ್ದಿಗೆ ಅಮ್ಮ ಅಡುಗೆಮನೆಗೆ ಬಂದು ನಿಂತರು.

“ಯಾರ ಮೇಲಿನ ಕೋಪ ಆ ತಟ್ಟೆ ಮೇಲೆ?”

“ಕೆಂಪು ಪೆನ್ನಿನ ಮೇಲೆ.”

“ಅವನು ಹೇಳಿದ್ದು ತಪ್ಪಾ?”

ಅವಳು ತಟ್ಟೆಯನ್ನು ಇನ್ನೂ ಜೋರಾಗಿ ಉಜ್ಜಿದಳು. ತಪ್ಪಾಗಿದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಎಲ್ಲಕ್ಕಿಂತ ಉರಿದದ್ದು ಬೇರೆ: ತಾನೊಬ್ಬಳೇ ಸುತ್ತುತ್ತಿದ್ದ ಬೀದಿಗಳಲ್ಲಿ ಈಗ ಇನ್ನೊಬ್ಬನ ಹೆಜ್ಜೆ ಕೇಳುತ್ತಿತ್ತು. ಆ ಹೆಜ್ಜೆ ಅಲ್ಲೇ ಇರಲಿ ಎನಿಸುತ್ತಿತ್ತು.

ಶನಿವಾರ ಮಧ್ಯಾಹ್ನ ಅವನು ಕನ್ನಡಕದ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಅವಳು ಒಬ್ಬ ಅಜ್ಜಿಗೆ ಹೊಸ ಕನ್ನಡಕ ಹಾಕಿಸಿ, ಕಿವಿಯ ಹಿಂದೆ ನೋಯುತ್ತದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದಳು. ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ ಒಳಗಿನ ಬೆಳಕಿನಿಂದ ಬೆಳ್ಳಗೆ ಹೊಳೆಯುತ್ತಿತ್ತು.

“ನನ್ನ ಕನ್ನಡಕ ವಾಲ್ತಾ ಇದೆ,” ಎಂದ ಅವನು.

“ಮೊನ್ನೆಯಿಂದಲೂ ವಾಲ್ತಿದೆ.”

“ಓ, ನೋಡಿದ್ರಾ?”

ಸಿಕ್ಕಿಬಿದ್ದಳು. ಕೈ ಚಾಚಿ ಕನ್ನಡಕ ಕಿತ್ತುಕೊಂಡು, ಪುಟ್ಟ ತಿರುಪುಳಿಯಿಂದ ಅದರ ಕಡ್ಡಿಯ ಸ್ಕ್ರೂ ಬಿಗಿಮಾಡಿದಳು. ಕಡ್ಡಿಗಳನ್ನು ಬೆಚ್ಚಗೆ ಮಾಡಿ ಬಗ್ಗಿಸಿದಳು. ಆಮೇಲೆ ಎಲ್ಲ ಗಿರಾಕಿಗಳಿಗೂ ಮಾಡುವಂತೆಯೇ ತಾನೇ ಅವನ ಮುಖಕ್ಕೆ ಹಾಕಿ, ಮೂಗಿನ ನೇರಕ್ಕೆ ನಿಂತು ಸರಿಯಾಗಿದೆಯೇ ನೋಡಿದಳು. ಎಲ್ಲ ಗಿರಾಕಿಗಳನ್ನೂ ಅಷ್ಟು ಹೊತ್ತು ನೋಡುತ್ತಿರಲಿಲ್ಲ. ಅವನು ರೆಪ್ಪೆ ಮಿಟುಕಿಸುವುದನ್ನೂ ಮರೆತಿದ್ದ.

“ಈಗ ಚೆನ್ನಾಗಿ ಕಾಣುತ್ತಾ?”

“ತುಂಬಾ.”

“ಕನ್ನಡಕದ ವಿಷಯ ಕೇಳಿದ್ದು.”

“ನಾನೂ ಅದನ್ನೇ ಹೇಳಿದ್ದು.”

ಹೊಸ ಕನ್ನಡಕದ ಅಜ್ಜಿ ಇಬ್ಬರನ್ನೂ ಹೊಸದಾಗಿ ನೋಡುತ್ತಿದ್ದರು. “ಮಗಳೇ,” ಎಂದು ಮೆಲ್ಲಗೆ ಬಾಗಿದರು. “ಇವರು ನಿನಗೆ ಏನಾಗ್ಬೇಕು?”

ಅವಳ ಕೈಯಿಂದ ತಿರುಪುಳಿ ಜಾರಿತು. ಏನೂ ಇಲ್ಲ ಎನ್ನಲು ಬಾಯಿ ತೆರೆದಳು. ಗಾಬರಿಯಲ್ಲಿ ಬಂದದ್ದು ಬೇರೆಯೇ.

“ಇವರಾ? ಇವರು ನನಗೆ ಏನಾಗ್ಬೇಕು, ಅಜ್ಜಿ?”

“ಅಯ್ಯೋ, ಅದನ್ನೇ ತಾನೇ ನಾನೂ ಕೇಳಿದ್ದು!”

ಅವನು ಪಕಪಕ ನಕ್ಕ. ಅವಳು ನಗಲಿಲ್ಲ. ನೆಟ್ಟಗೆ ನಿಂತು ಗೋಡೆಯ ಹಲಗೆಯ ಬೆಳಕನ್ನೇ ನೋಡುತ್ತಿದ್ದಳು.

“ಆರಲಿಲ್ಲ,” ಎಂದಳು.

“ಏನು?”

“ದೀಪ ಆರಲ್ಲ! ಪ್ರಶ್ನೆ ಕೇಳಿದ್ರೆ ಆರಲ್ಲ! ಪ್ರಶ್ನೆ ಸುಳ್ಳಾಗೋದು ಹೇಗೆ?” ಅವನ ತೋಳು ಹಿಡಿದು ಅಲ್ಲಾಡಿಸಿದಳು. “ನೀವಿನ್ನು ಹೊರಡಿ. ನಾನು ಬರೀಬೇಕು.”

“ಸ್ಕ್ರೂಗೆ ಎಷ್ಟಾಯ್ತು?”

“ಹೊರಡಿ ಅಂದೆ!”

ಭಾನುವಾರ ಬೆಳಿಗ್ಗೆ ಬಟ್ಟೆ ಒಗೆದು ಹರವಿ, ಅಡುಗೆಮನೆಯ ಮೇಜಿನ ಮೇಲೆ ಕೊನೆಯ ಅಧ್ಯಾಯ ಬಿಡಿಸಿಕೊಂಡು ಕೂತಳು. ಅಮ್ಮ ಸೊಪ್ಪು ಬಿಡಿಸುತ್ತ ಎದುರಿಗೇ ಕೂತಿದ್ದರು. ಅರಸನ ಸಭೆ ಮತ್ತೆ ತುಂಬಿತು. ಇನ್ನೊಂದು ಸಲ ಅರಸ ಕೇಳಿದ. ದೀಪ ಹಚ್ಚುವವಳು ಸೆರೆಯಾಳಿನತ್ತ ತಿರುಗಿ, ಅಡಿಯಿಂದ ಮುಡಿಯವರೆಗೆ ನೋಡಿ, ಹೇಳಿದಳು: ‘ಇವನು ನನಗೆ ಏನಾಗಬೇಕು, ಪ್ರಭು?’

ಸಭೆ ಗೊಳ್ಳೆಂದು ನಕ್ಕಿತು. ಇಂಥ ಅಲೆಮಾರಿ ಇವಳಿಗೆ ಏನಾಗಬೇಕು, ಪಾಪ! ದೀಪ ಮಿಸುಕದೆ ಉರಿಯಿತು. ಅರಸ ಕೈ ಬೀಸಿದ, ಸೆರೆಯಾಳಿನ ಸಂಕೋಲೆ ಬಿದ್ದಿತು. ಅಷ್ಟು ಜನರಲ್ಲಿ ಅವನೊಬ್ಬನಿಗೆ ಮಾತ್ರ ಅದು ಪ್ರಶ್ನೆಯಾಗಿಯೇ ಕೇಳಿತ್ತು. ಗಡಿ ದಾಟುವವರೆಗೂ ಅವನು ಅದಕ್ಕೆ ಉತ್ತರ ಹುಡುಕುತ್ತ ನಡೆದ. ದಾಟಿದ ಮೇಲೆ, ಬೆನ್ನ ಹಿಂದೆ ಒಂದು ದೀಪ ಬರುತ್ತಿರುವುದನ್ನು ಕಂಡು ನಿಂತ.

ಸೋಮವಾರ ಸಂಜೆ ಪ್ರಕಾಶಕಿ ನಿಂತೇ ಓದಿದರು. ಅರ್ಧಕ್ಕೆ ಬಂದಾಗ ಕುರ್ಚಿ ಎಳೆದು ಕೂತರು. ಕೊನೆಯ ಸಾಲಿಗೆ ಬಂದವರು ಅಲ್ಲಿಂದ ಹಿಂದಕ್ಕೆ ಹೋಗಿ ಅರಸನ ಸಭೆಯನ್ನು ಮತ್ತೊಮ್ಮೆ ಓದಿದರು.

“ಎಲಾ ಇವಳಾ!” ಎಂದರು ಪ್ರಕಾಶಕಿ. “ಕಾನೂನು ಮುರೀದೆನೇ ಅರಸನ ಕಣ್ಣಿಗೆ ಮಣ್ಣೆರಚಿದ್ಲಲ್ಲ! ಮೊದಲ ಪುಟಗಳು ಜೋಡಿಸಿಟ್ಟಾಗಿದೆ, ಹೋಗ್ಲಿ ಅಚ್ಚಿಗೆ, ಈಗಲೇ ಹೋಗ್ಲಿ. ಎಷ್ಟು ಪ್ರತಿ ಅಂದಿದ್ದೆನೋ ಅದರ ಎರಡರಷ್ಟು ಹಾಕಿಸ್ತೀನಿ.” ಹಸ್ತಪ್ರತಿಯನ್ನು ಎದೆಗವಚಿಕೊಂಡು ಕೆಳಗಿನ ಅಚ್ಚುಮನೆಗೆ ತಾವೇ ಇಳಿದುಹೋದರು.

ಕೆಳಗೆ ಯಂತ್ರ ಗುಡುಗುಟ್ಟಲಾರಂಭಿಸಿತು. ಅದರ ನಡುಕ ನೆಲದಿಂದ ಅವಳ ಅಂಗಾಲಿಗೆ, ಅಂಗಾಲಿನಿಂದ ಎದೆಗೆ ಹತ್ತಿತು. ಅವಳ ನಾಡು ಹುಟ್ಟುತ್ತಿತ್ತು. ಕುಣಿಯಬೇಕೆನಿಸಿತು, ಕಟ್ಟುಗಳ ನಡುವೆ ಜಾಗವಿರಲಿಲ್ಲ.

“ಗೆದ್ದುಬಿಟ್ರಿ,” ಎಂದ ಅವನು. “ಆದ್ರೆ ಇನ್ನೊಂದು ಕಡೆ ಕೆಂಪು ಗುರುತು ಹಾಕ್ಬೇಕಿದೆ.”

“ಮತ್ತೆಲ್ಲಿ?”

“ಅಂಗಡಿಯಲ್ಲಿ. ಅಜ್ಜಿ ಕೇಳಿದ್ದಕ್ಕೆ ನೀವು ಉತ್ತರ ಕೊಡಲಿಲ್ಲ. ನನಗೆ ಪ್ರಶ್ನೆ ಬೇಡ. ವಾಕ್ಯ ಬೇಕು. ಕೊನೇಲಿ ಪೂರ್ಣವಿರಾಮ ಇರ್ಬೇಕು.”

ಅವನು ನಗಲು ನೋಡಿದ, ಆಗಲಿಲ್ಲ. ಬಿಗಿಮಾಡಿದ ಕನ್ನಡಕ ಈಗ ನೇರವಾಗಿ ಕೂತಿತ್ತು. ಅದರ ಹಿಂದೆ ಹೆದರಿದ ಎರಡು ಕಣ್ಣು.

ಅವಳು ಎದ್ದು, ಮೆಲ್ಲಗೆ ಬಾಗಿಲ ಬಳಿ ಹೋಗಿ, ಗೋಡೆಗೆ ಒರಗಿ ನಿಂತಳು.

“ಸರಿ, ಬರ್ಕೊಳ್ಳಿ. ನೀವು ನನಗೆ ಯಾರೂ ಅಲ್ಲ.”

ಟಕ್.

ಕೋಣೆ ಕತ್ತಲಾಯಿತು. ಆಮೇಲೆ ಕುರ್ಚಿ ಸರಿದ ಸದ್ದು, ಪುಸ್ತಕದ ಕಟ್ಟಿಗೆ ಎಡವಿದ ಸದ್ದು, “ಅಮ್ಮಾ” ಎಂಬ ಸಣ್ಣ ನರಳಿಕೆ. ಸ್ವಿಚ್ಚಿನ ಮೇಲಿದ್ದ ಅವಳ ಕೈಯ ಮೇಲೆ ಇನ್ನೊಂದು ಕೈ ಬಂದು ಕೂತಿತು.

“ನಾನು ಬೆಳಕಲ್ಲೇ ಹೇಳ್ತೀನಿ,” ಎಂದ ಅವನು.

ಟಕ್.

“ನೀವಂದ್ರೆ ನನಗೆ ತುಂಬಾ ಇಷ್ಟ. ನಿಮ್ಮ ಊರಿನ ಬೀದಿಗಳಲ್ಲಿ ನಿಮ್ಮ ಜೊತೆ ಜೀವನಪೂರ್ತಿ ತಪ್ಪು ಹುಡುಕ್ಕೊಂಡು ಓಡಾಡ್ಬೇಕು ಅಂತ ಆಸೆ.”

ಇಬ್ಬರೂ ಒಟ್ಟಿಗೆ ತಲೆಯೆತ್ತಿ ಬಲ್ಬು ನೋಡಿದರು. ಅದು ಉರಿಯುತ್ತಲೇ ಇತ್ತು. ಅವಳು ನಗುತ್ತ ನಗುತ್ತ ಅವನ ಭುಜಕ್ಕೆ ಹಣೆಯಿಟ್ಟಳು.

ಮೆಟ್ಟಿಲ ಬುಡದಿಂದ ಯಂತ್ರದ ಸದ್ದನ್ನೂ ಮೀರಿ ಪ್ರಕಾಶಕಿಯ ದನಿ ಬಂತು: “ಯಾರ್ರೀ ಅದು ಮೇಲೆ, ದೀಪ ಹಾಕಿ ತೆಗೆದು ಆಟ ಆಡ್ತಿರೋದು? ಏನ್ ನಡೀತಿದೆ ಅಲ್ಲಿ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಒಂದೇ ಉಸಿರಿನಲ್ಲಿ ಕೂಗಿದರು:

“ಏನ್ ನಡೆಯುತ್ತೆ ಮೇಡಂ?”

ದೀಪ ಆರಲಿಲ್ಲ.