ಹೊತ್ತು ತಂದವನ ಪದಕ

ಬೀರುವಿನ ಬಾಗಿಲು ಹಾರುಹೊಡೆದಿತ್ತು.

ಬೆಳಿಗ್ಗೆ ಮಾಜಿ ಸೈನಿಕರ ಸಂಘದ ಕಚೇರಿ ತೆರೆದ ಕಾರ್ಯದರ್ಶಿ ಹೊಸ್ತಿಲಲ್ಲೇ ನಿಂತುಬಿಟ್ಟರು. ಬೀದಿಯ ಕಡೆಯ ಕಿಟಕಿಯೂ ತೆರೆದಿತ್ತು. ಅವರು ಏನನ್ನೂ ಮುಟ್ಟಲಿಲ್ಲ. ಅಲ್ಲಿಂದಲೇ ಪೊಲೀಸ್ ಠಾಣೆಗೆ ಫೋನ್ ಮಾಡಿದರು.

ಇನ್ಸ್‌ಪೆಕ್ಟರ್ ಬಂದಳು. ನಿದ್ದೆಗೆಟ್ಟ ಕಣ್ಣು, ಆದರೆ ನೋಟ ಚುರುಕು. ಕೋಣೆಯನ್ನು ಒಂದು ಸುತ್ತು ನೋಡಿದಳು.

"ಏನೇನು ಹೋಗಿದೆ?"

"ಒಂದು ಲಕೋಟೆ."

"ಮತ್ತೆ?"

"ಅಷ್ಟೇ ಮೇಡಂ."

ಮೇಜಿನ ಮೇಲೆ ಹೊಸ ಕಂಪ್ಯೂಟರ್ ಹಾಗೇ ಇತ್ತು. ಗೋಡೆ ಕಪಾಟಿನ ಬೆಳ್ಳಿ ಬಟ್ಟಲೂ ಇದ್ದಲ್ಲೇ ಇತ್ತು. ಬರೀ ಲಕೋಟೆಗಾಗಿ ಕಳ್ಳ ಬಂದಿದ್ದಾನೆಂದರೆ ಅದರಲ್ಲೇನೋ ಇರಲೇಬೇಕು.

"ಯಾವ ಲಕೋಟೆ?"

ಕಾರ್ಯದರ್ಶಿ ಕುರ್ಚಿ ಎಳೆದುಕೊಂಡು ಕೂತರು. "ಸೇನೆಯ ಹಳೇ ದಾಖಲೆ ಕೇಂದ್ರದಿಂದ ನಿನ್ನೆ ಮಧ್ಯಾಹ್ನ ಬಂದಿದ್ದು. ನಮ್ಮ ಸಂಘದಲ್ಲಿ ಒಬ್ಬರಿದ್ದಾರೆ, ಬಡಗಿ ಅಂತಲೇ ಎಲ್ಲರೂ ಕರೆಯೋದು. ಸೇನೆ ಬಿಟ್ಟ ಮೇಲೆ ಮರಗೆಲಸ ಮಾಡಿಕೊಂಡಿದ್ದರು. ನಾನು ಕೂತಿರೋ ಈ ಕುರ್ಚಿ ಅವರೇ ಮಾಡಿದ್ದು. ಯುದ್ಧದಲ್ಲಿ ಅವರಿಗೆ ಎರಡು ಪದಕ ಮಂಜೂರಾಗಿತ್ತಂತೆ. ಶೌರ್ಯಕ್ಕೊಂದು, ಗಾಯಕ್ಕೊಂದು. ಸೇವಾ ಪುಸ್ತಕದಲ್ಲಿ ಒಂದೂ ಏರಿಲ್ಲ."

"ಅವರು ಕೇಳಲಿಲ್ಲವೇ?"

"ಬಾಯೇ ಬಿಟ್ಟಿಲ್ಲ. ಹೋದ ವರ್ಷ ಹಳೇ ಅಧಿಕಾರಿಯೊಬ್ಬರು ಮಾತಿಗೆ ಮಾತು ಬಂದು ಅವರ ಮಗಳಿಗೆ ಹೇಳಿದರು. ಅಂದಿನಿಂದ ಅವಳು ದಾಖಲೆ ತಿದ್ದಿಸೋಕೆ ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸಿಕೊಂಡಿದ್ದಾಳೆ. ನಾಡಿದ್ದು ತಿದ್ದುಪಡಿ ಮಂಡಳಿ ಮುಂದೆ ವಿಚಾರಣೆ. ಆ ಲಕೋಟೆಯಲ್ಲಿದ್ದದ್ದು ಪದಕ ಯಾಕೆ ಕೊಟ್ಟರು ಅನ್ನೋ ವಿವರಣೆಯ ನಕಲು."

"ನೀವು ಓದಿದಿರಾ?"

"ಅರಗಿನ ಮುದ್ರೆ ಇತ್ತು. ಮಂಡಳಿಯವರೇ ಒಡೆಯಬೇಕು. ನಾನೂ ಓದಿಲ್ಲ, ಮಗಳೂ ಓದಿಲ್ಲ."

"ಬೀರುವಿನ ಕೀಲಿ ಎಲ್ಲಿರುತ್ತೆ?"

"ಡ್ರಾಯರಿನಲ್ಲಿ."

"ಅದು ಯಾರಿಗೆಲ್ಲ ಗೊತ್ತು?"

ಕಾರ್ಯದರ್ಶಿ ಕಿವಿ ತುರಿಸಿಕೊಂಡರು. "ಯಾರಿಗೆ ಗೊತ್ತಿಲ್ಲ ಅಂತ ಕೇಳಿ ಮೇಡಂ."

ಇನ್ಸ್‌ಪೆಕ್ಟರ್ ಕಿಟಕಿಯ ಬಳಿ ಹೋದಳು. ಒಳಗಡೆಯ ಕಟ್ಟೆಯುದ್ದಕ್ಕೂ ಪುಟ್ಟ ಪುಟ್ಟ ಹೂಕುಂಡಗಳು ಒತ್ತೊತ್ತಾಗಿ ನಿಂತಿದ್ದವು. ಒಂದೂ ಉರುಳಿರಲಿಲ್ಲ. ಬೆಕ್ಕು ನುಗ್ಗಿದ್ದರೂ ಒಂದೆರಡು ಬೀಳುತ್ತಿದ್ದವು.

"ಕಿಟಕಿಯಿಂದ ಯಾರೂ ಬಂದಿಲ್ಲ," ಎಂದಳು. "ಒಳಗಿನಿಂದ ಚಿಲಕ ತೆಗೆದು, ಬಂದ ಹಾಗೆ ತೋರಿಸಿದ್ದಾರೆ. ಮುಂಬಾಗಿಲ ಕೀಲಿ ಯಾರ ಹತ್ತಿರ ಇದೆ?"

"ನನ್ನ ಹತ್ತಿರ." ಕಾರ್ಯದರ್ಶಿಯ ದನಿ ಕುಗ್ಗಿತು. "ಮತ್ತೆ ನಮ್ಮ ಅಧ್ಯಕ್ಷರ ಹತ್ತಿರ."

*

ಮೊದಲ ಅನುಮಾನ ಕಾರ್ಯದರ್ಶಿಯ ಮೇಲೇ ಹೋಯಿತು. ಅದಕ್ಕೆ ಕಾರಣವೂ ಇತ್ತು. ಪದಕಕ್ಕೆ ಅವರೂ ಅರ್ಜಿ ಹಾಕಿದ್ದರು. ತಿರಸ್ಕಾರವಾಗಿತ್ತು. ಮತ್ತೆ ಹಾಕಿದರು. ಮತ್ತೆ ತಿರಸ್ಕಾರ. ಬೇರೆಯವರಿಗೆ ಕೇಳದೆಯೇ ಬಂದದ್ದು ಕಂಡು ಹೊಟ್ಟೆ ಉರಿದಿರಬಹುದು.

"ಉರಿಯಿತು," ಎಂದು ಅವರೇ ಒಪ್ಪಿಕೊಂಡರು. "ಸುಳ್ಳು ಯಾಕೆ ಹೇಳಲಿ. ಆದರೆ ನಿನ್ನೆ ಸಂಜೆಯಿಂದ ನಾನು ರೈಲು ನಿಲ್ದಾಣದಲ್ಲಿದ್ದೆ. ಅಕ್ಕ ಬರೋಳಿದ್ದಳು, ರೈಲು ತಡವಾಯಿತು. ಬೆಂಚಿನ ಮೇಲೇ ರಾತ್ರಿ ಕಳೆಯಿತು."

ನಿಲ್ದಾಣದ ಕ್ಯಾಮೆರಾದಲ್ಲಿ ಅವರು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದುದು ಬೆಳಗಿನವರೆಗೂ ಕಂಡಿತು. ಆ ಬಾಗಿಲು ಮುಚ್ಚಿತು.

*

ಬಡಗಿಯ ಮನೆ ಮೂರನೇ ಅಂತಸ್ತಿನಲ್ಲಿತ್ತು. ಮಗಳು ಬಾಗಿಲು ತೆಗೆದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಸುದ್ದಿ ಕೇಳಿ ಆ ದಿನ ಹೋಗಿರಲಿಲ್ಲ.

"ನಿಮ್ಮ ಅಪ್ಪನಿಗೆ ವೈರಿಗಳು ಯಾರಾದರೂ ಇದ್ದಾರಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಅಪ್ಪನಿಗಾ?" ಅವಳು ನಗಲು ಹೋಗಿ ಸೋತಳು. "ಲಕ್ವ ಹೊಡೆದ ಮೇಲೆ ಮಾತೇ ಹೊರಡಲ್ಲ. ಅದಕ್ಕೆ ಮುಂಚೆಯೂ ಅಳೆದು ತೂಗಿಯೇ ಮಾತಾಡ್ತಿದ್ದರು. ಈಗ ಬಾಯಲ್ಲಿ ನಿಂತಿರೋದು ಒಂದೇ ಮಾತು. ಬೇಡ. ಪದಕದ ವಿಷಯ ಎತ್ತಿದರೆ ಸಾಕು, ಬೇಡ ಅಂತಾರೆ. ಸಂಕೋಚ. ಇದ್ದಷ್ಟು ದಿನವೂ ಸಂಕೋಚದಲ್ಲೇ ಕಳೆದರು."

ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಬಡಗಿ ದಿಂಬಿಗೊರಗಿ ಕೂತಿದ್ದರು. ಮುಖಕ್ಕೆಲ್ಲ ಸೋಪಿನ ನೊರೆ. ಇನ್ನೊಬ್ಬ ಮುದುಕರು ಅವರ ಗಲ್ಲ ಹಿಡಿದೆತ್ತಿ ನಿಧಾನವಾಗಿ ಕ್ಷೌರ ಮಾಡುತ್ತಿದ್ದರು.

"ಇವರೇ ಗುಂಡು ಮಾವ," ಎಂದಳು ಮಗಳು. "ಅಪ್ಪನ ಜೊತೆ ಒಂದೇ ತುಕಡಿಯಲ್ಲಿದ್ದವರು. ಸಂಘದ ಅಧ್ಯಕ್ಷರು. ಅಪ್ಪ ಹಾಸಿಗೆ ಹಿಡಿದ ದಿನದಿಂದ ಒಂದು ಬೆಳಗೂ ತಪ್ಪಿಸಿಲ್ಲ."

ಹೆಸರು ಗುಂಡು, ಆಳು ಕಡ್ಡಿ. ಕಾಲಿಗೆ ಬಿದ್ದ ಗುಂಡಿನಿಂದ ಬಂದ ಹೆಸರದು. ಕುಂಟುತ್ತಾ ಶಾಲೆಗಳಿಗೆ ಹೋಗಿ ಯುದ್ಧದ ಕಥೆ ಹೇಳುತ್ತಿದ್ದರು. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದವು.

"ನಿಮ್ಮ ಕೀಲಿ ಎಲ್ಲಿದೆ ಮಾವ?" ಇನ್ಸ್‌ಪೆಕ್ಟರ್ ಕೇಳಿದಳು.

ಅವರು ಜೇಬಿನಿಂದ ತೆಗೆದು ತೋರಿಸಿದರು. "ಸಂಘದಲ್ಲಿ ನನ್ನ ಕೋಟು ದಿನಾ ಮೊಳೆಗೆ ನೇತಾಡುತ್ತಿರುತ್ತೆ. ಯಾರು ಬೇಕಾದರೂ ತಗೊಂಡು ಮತ್ತೆ ಇಟ್ಟಿರಬಹುದು."

"ಯುದ್ಧದಲ್ಲಿ ಬಡಗಿಯವರಿಗೆ ಗಾಯವಾದ ದಿನ ನೀವೂ ಜೊತೆಗಿದ್ದಿರಾ?"

"ಇದ್ದೆ. ನನ್ನನ್ನು ಹೊತ್ತು ತಂದವನು ಇವನೇ." ಕತ್ತಿ ಗಲ್ಲದ ಮೇಲೆ ಸರಿಯಿತು. "ಭುಜಕ್ಕೆ ಏಟು ಬಿದ್ದಿತ್ತು, ಆದರೂ ಹೊತ್ತ. ಇಬ್ಬರು ಸೇರಿ ತಂದರು ಅಂತ ಬರೆದುಬಿಟ್ಟರೆ ಆಯಿತೇ? ಯಾರೂ ಇರಲಿಲ್ಲ. ಇವನೊಬ್ಬನೇ."

ಮಂಚದ ಮೇಲಿನ ಮುದುಕರು ಕಣ್ಣು ಮುಚ್ಚಿಕೊಂಡರು.

"ಬೇಡ," ಎಂದರು.

*

ಠಾಣೆಗೆ ಮರಳಿ ಇನ್ಸ್‌ಪೆಕ್ಟರ್ ದಾಖಲೆ ಕೇಂದ್ರಕ್ಕೆ ಫೋನ್ ಮಾಡಿದಳು. ಇನ್ನೊಂದು ನಕಲು ಬೇಕೆಂದಳು.

"ಕೊಡ್ತೀವಿ," ಎಂದರು ಅಲ್ಲಿಯ ಮೇಲ್ವಿಚಾರಕಿ. "ಒಳ್ಳೆಯದೇ ಆಯಿತು. ಮೊದಲನೆಯದರಲ್ಲಿ ನಮ್ಮದೇ ಒಂದು ತಪ್ಪಾಗಿದೆ. ಹೋದ ವಾರ ಟೈಪ್ ಮಾಡುವಾಗ ಪಕ್ಕದ ಕಡತದ ಸಾಲು ಇದಕ್ಕೆ ಸೇರಿಬಿಟ್ಟಿದೆ."

"ಯಾವ ಸಾಲು?"

"ಗಾಯಾಳುವನ್ನು ಇಬ್ಬರು ಹೊತ್ತು ತಂದರು ಅಂತ. ಮೂಲದಲ್ಲಿ ಒಬ್ಬನೇ ಅಂತ ಸ್ಪಷ್ಟವಾಗಿದೆ."

ಇನ್ಸ್‌ಪೆಕ್ಟರ್ ಆ ಸಾಲನ್ನು ಬರೆದುಕೊಂಡಳು. ಆಮೇಲೆ ಕೇಳಿದಳು. "ಮೂಲ ಪೂರ್ತಿ ಓದಿ ಹೇಳ್ತೀರಾ?"

ಮೇಲ್ವಿಚಾರಕಿ ಓದಿದರು. ಕೇಳುತ್ತಾ ಕೇಳುತ್ತಾ ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು.

*

ಮರುದಿನ ಬೆಳಿಗ್ಗೆ ಅದೇ ಕೋಣೆ. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಕ್ಷೌರ ಅರ್ಧ ಆಗಿತ್ತು.

"ಮಾವ, ನಿನ್ನೆ ಒಂದು ಮಾತು ಅಂದಿರಿ," ಎಂದಳು ಇನ್ಸ್‌ಪೆಕ್ಟರ್. "ಇಬ್ಬರು ಹೊತ್ತು ತಂದರು ಅಂತ ಬರೆದುಬಿಟ್ಟರೆ ಆಯಿತೇ ಅಂತ. ಹಾಗೆ ಎಲ್ಲಿ ಬರೆದಿತ್ತು?"

ಕತ್ತಿ ನಿಂತಿತು.

"ಅಂದಿನ ಕಾಗದದಲ್ಲಿ ಹಾಗಿಲ್ಲ. ಹೋದ ವಾರ ಟೈಪ್ ಮಾಡಿದ ನಕಲಿನಲ್ಲಿ ಮಾತ್ರ ಆದ ತಪ್ಪು ಅದು. ಆ ನಕಲು ಮುದ್ರೆ ಒತ್ತಿದ ಲಕೋಟೆಯಲ್ಲಿತ್ತು. ಮುದ್ರೆ ಒಡೆದವನಿಗೆ ಮಾತ್ರ ಆ ತಪ್ಪು ಗೊತ್ತು. ಕೀಲಿ ಇದ್ದವರು ಇಬ್ಬರು. ಒಬ್ಬರು ರಾತ್ರಿಯಿಡೀ ರೈಲು ನಿಲ್ದಾಣದಲ್ಲಿದ್ದರು. ಕಿಟಕಿ ತೆರೆದಿಟ್ಟದ್ದು ಯಾಕೆ ಅಂತಲೂ ಈಗ ಅರ್ಥವಾಗುತ್ತೆ. ಕುಂಟುವ ಕಾಲಿನವರಿಗೆ ಕಿಟಕಿ ಹತ್ತೋಕಾಗಲ್ಲ, ನಿಮ್ಮ ಮೇಲೆ ಯಾರಿಗೂ ಸಂಶಯ ಬರ್ತಿರಲಿಲ್ಲ."

ಗುಂಡು ಮಾವ ಕತ್ತಿಯನ್ನು ನೀರಿನ ಬಟ್ಟಲಿಗೆ ಇಳಿಬಿಟ್ಟರು. ಕೋಟಿನ ಒಳಜೇಬಿಗೆ ಕೈಹಾಕಿ ಮಡಿಸಿದ ಲಕೋಟೆ ತೆಗೆದು ಮಂಚದ ಮೇಲಿಟ್ಟರು.

"ಇನ್ನೊಂದು ನಕಲು ತರಿಸಬಹುದು ಅಂತ ಹೊಳೆಯಲಿಲ್ಲವೇ?"

"ಬುದ್ಧಿ ನೆಟ್ಟಗಿದ್ದಿದ್ದರೆ ತಾನೇ ಹೊಳೆಯೋದು."

"ಸುಟ್ಟುಹಾಕದೆ ಯಾಕೆ ಇಟ್ಟುಕೊಂಡಿರಿ?"

"ಇವನ ಹೆಸರಿದೆಯಲ್ಲಮ್ಮ ಅದರಲ್ಲಿ. ಹೇಗೆ ಸುಡಲಿ?"

ಮಗಳು ಮುಂದೆ ಬಂದಳು. "ಮಾವ, ನೀವಾ? ಯಾಕೆ?"

ಅವರು ಅವಳ ಕಡೆ ನೋಡಲಿಲ್ಲ. ಗೆಳೆಯನ ಕಾಲಿನ ಮೇಲಿದ್ದ ಹೊದಿಕೆಯನ್ನು ಸರಿಮಾಡುತ್ತಾ ಮಾತಾಡಿದರು.

"ಯುದ್ಧದಲ್ಲಿ ನಾವಿಬ್ಬರೂ ರಸ್ತೆಯ ಒಂದು ಮೋರಿ ಸೇತುವೆ ಕಾಯ್ತಿದ್ದೆವು. ಹಿಂದೆ ಗಾಯಾಳುಗಳ ಡೇರೆ. ಆ ಕಡೆಯವರು ನುಗ್ಗಿದರು. ನಾನು ಬಂದೂಕು ಬಿಸಾಡಿ ಓಡಿದೆ. ಓಡುವಾಗ ಗುಂಡು ಬಿತ್ತು, ಹಿಂದಿನಿಂದ. ಇವನು ಓಡಲಿಲ್ಲ. ಒಬ್ಬನೇ ನಿಂತು ತಡೆದ. ಎಲ್ಲ ತಣ್ಣಗಾದ ಮೇಲೆ ನನ್ನನ್ನು ಹುಡುಕಿಕೊಂಡು ಬಂದ. ಎಲ್ಲರಿಗೂ ನಾನು ಹೇಳಿಕೊಂಡು ಬಂದಿದ್ದು, ಜಾಗ ಬಿಡದೆ ನಿಂತಾಗ ಗುಂಡು ತಗುಲಿತು ಅಂತ. ಹೆಂಡತಿಗೂ ಅದನ್ನೇ ಹೇಳಿದೆ. ಮೊಮ್ಮಕ್ಕಳಿಗೂ ಅದನ್ನೇ."

"ಆ ವಿವರಣೆಯಲ್ಲಿ ನೀವು ಓಡಿದ್ದೂ ಇದೆ," ಎಂದಳು ಇನ್ಸ್‌ಪೆಕ್ಟರ್. "ಇವರ ಪದಕ ದಾಖಲೆಗೆ ಏರಬೇಕಾದರೆ ಅದನ್ನು ಎಲ್ಲರ ಮುಂದೆ ಓದಬೇಕು. ಅಂದೂ ಅಷ್ಟೇ. ಪದಕ ಬೇಡ ಅಂತ ಬಡಗಿಯವರೇ ಅಧಿಕಾರಿಗೆ ಹೇಳಿದ್ದರಂತೆ. ಮೂಲದ ಕೆಳಗೆ ಅಧಿಕಾರಿ ಟಿಪ್ಪಣಿ ಬರೆದಿದ್ದಾರೆ. ಕಾರಣ ಹೇಳಲೊಪ್ಪಲಿಲ್ಲ ಅಂತಲೂ ಇದೆ."

ಗುಂಡು ಮಾವ ತಲೆಯೆತ್ತಿದರು.

"ಇವನೇ ಬೇಡ ಅಂದನಾ? ನನಗೋಸ್ಕರ? ಇಷ್ಟು ವರ್ಷ ಜೊತೆಗಿದ್ದೂ ಒಂದು ಮಾತು ಆಡಲಿಲ್ಲವಲ್ಲ."

ಬಡಗಿ ಅಳುತ್ತಿದ್ದರು. ಅರ್ಧ ಮುಖದ ನೊರೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಒಂದು ಕೈ ಮಾತ್ರ ಆಡುತ್ತಿತ್ತು. ಅದು ಗೆಳೆಯನ ತೋಳನ್ನು ಹುಡುಕಿ ಹಿಡಿಯಿತು. ಆಮೇಲೆ ಅವರು ಇನ್ಸ್‌ಪೆಕ್ಟರ್ ಕಡೆ ತಿರುಗಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಕೇಳುವುದನ್ನು ಹೊರಗೆ ಕರೆದು ಕೇಳಬಹುದಿತ್ತು ಎಂದು ಅವಳಿಗೆ ಆಗ ಹೊಳೆಯಿತು. ಮೆಟ್ಟಿಲ ಬಳಿ ನಿಂತು ಎರಡು ಮಾತು ಆಡಿದ್ದರೆ ಮುಗಿಯುತ್ತಿತ್ತು. ಕೇಸು ಬಗೆಹರಿದ ಹುರುಪಿನಲ್ಲಿ ನೇರ ಮಂಚದ ಬಳಿಗೇ ಬಂದಿದ್ದಳು. ಆ ಮನುಷ್ಯ ಜೀವಮಾನವಿಡೀ ಬಾಯಿ ಹೊಲಿದುಕೊಂಡು ಕಾಪಾಡಿದ್ದನ್ನು ಅವರ ಕಣ್ಣೆದುರೇ ಬಿಚ್ಚಿಟ್ಟಿದ್ದಳು.

*

ಮಗಳು ಕಾರ್ಯದರ್ಶಿಗೆ ಹೇಳಿ ದೂರು ಹಿಂದಕ್ಕೆ ತೆಗೆಸಿದಳು. ಆದರೆ ಗುಂಡು ಮಾವನ ಜೊತೆ ಮಾತು ಬಿಟ್ಟಳು.

ವಿಚಾರಣೆಯ ದಿನ ಗುಂಡು ಮಾವ ಕರೆಯದಿದ್ದರೂ ಮಂಡಳಿಯ ಮುಂದೆ ಬಂದರು. ತಾವು ಓಡಿದ್ದನ್ನು ಯಾವುದನ್ನೂ ಮರೆಮಾಚದೆ ಹೇಳಿದರು. ಸಂಘದ ಅಧ್ಯಕ್ಷಗಿರಿ ಅವರೇ ಬಿಟ್ಟುಕೊಟ್ಟರು. ಶಾಲೆಗಳಿಂದ ಕರೆ ಬರುವುದು ನಿಂತಿತು.

ದಾಖಲೆ ತಿದ್ದಲು ಆದೇಶವಾಯಿತು. ಆದೇಶದ ಪ್ರತಿ ಕೈಸೇರುವ ಹೊತ್ತಿಗೆ ಬಡಗಿ ತೀರಿಕೊಂಡಿದ್ದರು.

ಪದಕ ಕೊಡುವ ದಿನ ಇನ್ಸ್‌ಪೆಕ್ಟರ್ ಸಾದಾ ಉಡುಪಿನಲ್ಲಿ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಮಗಳು ಮುಂದಿನ ಸಾಲಿನಲ್ಲಿದ್ದಳು. ಗುಂಡು ಮಾವ ಬಾಗಿಲ ಬಳಿ ಗೋಡೆಗಾತು ನಿಂತಿದ್ದರು. ಮಗಳು ತಿರುಗಿ ನೋಡಿದಳು. ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಚೀಲವನ್ನು ತೆಗೆದು ನೆಲಕ್ಕಿಟ್ಟಳು. ಅವರು ನೋಡಿದರು, ಆದರೆ ಬರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಮಗಳು ಪದಕದ ಪೆಟ್ಟಿಗೆ ಹಿಡಿದುಕೊಂಡು ಅವರ ಬಳಿಗೆ ನಡೆದಳು.

"ಜಾಗ ಮಾಡಿದ್ದೆನಲ್ಲ ಮಾವ. ಯಾಕೆ ಬಂದು ಕೂರಲಿಲ್ಲ?"

ಅವರು ಪೆಟ್ಟಿಗೆಯನ್ನು ನೋಡಿದರು, ಮುಟ್ಟಲಿಲ್ಲ.

"ಧೈರ್ಯ ಸಾಲಲಿಲ್ಲಮ್ಮ," ಎಂದರು.