ತೂಗುಹಗ್ಗದ ಇನ್ನೊಂದು ತುದಿ

ಹೊಸಕೋಡಿ ಬಂದರಿನಲ್ಲಿ ಕಬ್ಬಿಣದ ಕಂಟೇನರ್ ಒಂದು ನೆಲ ಬಿಟ್ಟು ಮೇಲೆದ್ದಿತು. ಮೋಟಾರಿಲ್ಲ, ಡೀಸೆಲಿಲ್ಲ, ಹೊಗೆಯಿಲ್ಲ! ಹೊಳೆ, ಕಾಡು ದಾಟಿ ಅದು ಘಟ್ಟದ ನೆತ್ತಿಯ ಕುಂಬಾರಗುಡ್ಡಕ್ಕೆ ಏರುತ್ತಿದ್ದರೆ, ಎದುರಿನಿಂದ ಆಲೂಗಡ್ಡೆ ತುಂಬಿದ ಇನ್ನೊಂದು ಕಂಟೇನರ್ ಇಳಿಯುತ್ತಿತ್ತು. 2064ರಲ್ಲಿ ಊರೆಲ್ಲ ಮಾತಾಡುತ್ತಿದ್ದ ತೂಗುಹಗ್ಗ ಇದೇ.

ಇಂಗಾಲದ ಎಳೆಗಳಿಂದ ನೇಯ್ದ ಈ ಹಗ್ಗ ಸೀರೆಯ ಅಂಚಿನಷ್ಟೇ ಅಗಲ, ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ. ಕಂಡುಹಿಡಿದವಳು ಡಾ. ಮಾನ್ವಿ ಶೇಟ್. ತತ್ತ್ವ ಬಾವಿಯ ರಾಟೆಯದ್ದೇ. ಒಂದು ಕೊಡ ಇಳಿದರೆ ಇನ್ನೊಂದು ಏರುತ್ತದೆ. ಇಳಿಯುವುದು ತುಸು ಭಾರವಿದ್ದರೆ ಸಾಕು. ಬಂದರಿನಾಚೆ ವಾರಗಟ್ಟಲೆ ಲಂಗರು ಹಾಕುತ್ತಿದ್ದ ಹಡಗುಗಳು ಈಗ ಬಂದ ದಿನವೇ ಬರಿದಾಗುತ್ತಿದ್ದವು.

ಎಲ್ಲ ಸರಿ, ಆಲೂಗಡ್ಡೆ ಸುಗ್ಗಿ ಮುಗಿದ ಒಂದು ಮಂಗಳವಾರ ಕುಂಬಾರಗುಡ್ಡದಲ್ಲಿ ಇಳಿಸಲು ಸರಕೇ ಇರಲಿಲ್ಲ! ಖಾಲಿ ಕಂಟೇನರುಗಳು ಸಾಲಾಗಿ ನಿಂತಿದ್ದವು.

ಬಂದರಿನ ಮೇಲ್ವಿಚಾರಕ ಐವನ್ ರೇಗೊ ಗುಡ್ಡದ ಮೇಲಿದ್ದ ಮಾನ್ವಿಗೆ ಫೋನಿನಲ್ಲಿ ಕೂಗಿದ. "ಮೇಡಂ, ದನಗಳ ಕಾಲುಬಾಯಿ ಜ್ವರದ ಲಸಿಕೆ ಇಲ್ಲೇ ಉಂಟು. ಶೀತಪೆಟ್ಟಿಗೆಯ ಬ್ಯಾಟರಿ ಸಂಜೆವರೆಗೆ ಮಾತ್ರ. ಘಾಟಿ ರಸ್ತೆ ಕುಸಿದಿದೆ. ಎಂತ ಮಾಡುವುದು ಮಾರಾಯ್ರೆ?"

ಕುಂಬಾರಗುಡ್ಡದ ಹಗ್ಗದ ನಿಲ್ದಾಣದ ಬೇಲಿಯಾಚೆ ಊರಿಗೂರೇ ಕಾದಿತ್ತು. ರೋಗ ಪಕ್ಕದ ಹಳ್ಳಿಗೆ ಬಂದಾಗಿತ್ತು. ಎಲ್ಲರಿಗಿಂತ ಮುಂದೆ ಶ್ವೇತಜ್ಜಿ. ಹೌದು, ಆ ಕಾಲದ ಅಜ್ಜಿಯರಿಗೆಲ್ಲ ಇಂಥ ಹೆಸರೇ! ಅವಳ ಹಸು ಗೌರಿ ತುಂಬು ಗಬ್ಬದಲ್ಲಿತ್ತು.

ಗುತ್ತಿಗೆದಾರ ಲಿಖಿತ್ ಗೌಡ ಜೆಸಿಬಿಯಿಂದ ತಲೆ ಹೊರಹಾಕಿದ. "ಅದಕ್ಯಾಕ್ ಮೇಡಂ ತಲೆ ಕೆಡಿಸ್ಕತೀರಾ? ಗುಡ್ಡದ ಮಣ್ಣು ನಾಕು ಬಕೆಟ್ ಹಾಕುದ್ರೆ ಆಯ್ತು. ದಿನಾ ಹಾಕ್ಕೊಡ್ತೀನಿ ಬೇಕಾದ್ರೆ."

ಮಾನ್ವಿಗೆ ಆಸೆಯಾಯಿತು, ಸುಳ್ಳೇಕೆ! ಮರುಕ್ಷಣವೇ ಆ 'ದಿನಾ' ಎಂಬ ಮಾತಿಗೆ ಲೆಕ್ಕ ಹಾಕಿದಳು. ದಿನಕ್ಕೆ ನೂರು ಕಂಟೇನರ್ ಮಣ್ಣು ಇಳಿದರೆ ಕುಂಬಾರಗುಡ್ಡ ಉಳಿಯುವುದು ಹೆಸರಿನಲ್ಲಿ ಮಾತ್ರ.

"ಮಣ್ಣು ಬೇಡ" ಎಂದಳು.

"ಮತ್ತೆ ನಮ್ ದನ?" ಯಾರೋ ರೇಗಿದರು.

ಶ್ವೇತಜ್ಜಿ ಕೇಳಿದಳು, "ಎಷ್ಟು ತೂಕ ಬೇಕವ್ವಾ?"

"ಒಂದು ಎಂಬತ್ತು ಜನರಷ್ಟು ಅಜ್ಜಿ."

"ಅಷ್ಟೇಯಾ? ಗುಡ್ಡನ್ಯಾಕೆ ಇಳುಸ್ತೀರಾ, ನಾವೇ ಇಳಿತೀವಿ! ನಾನು ಹುಟ್ಟಿದಾಗಿಂದ ಕಡಲು ಕಂಡೋಳೇ ಅಲ್ಲ. ಬನ್ರೋ!"

ಕುರಿ ಸಾಗಿಸುವ ಕಿಟಕಿಯ ಕಂಟೇನರಿಗೆ ಜನ ನುಗ್ಗಿದರು. "ಕುರಿಗಳೇ, ತಳ್ಳಬ್ಯಾಡ್ರೋ" ಎಂದು ಒಬ್ಬ ಕೂಗಿದ್ದಕ್ಕೆ ನಗುವೋ ನಗು. ಮಾನ್ವಿ ರಾಟೆಯ ತಡೆ ಸಡಿಲಿಸಿದಳು. ಹಗ್ಗ ಬಿಗಿಯಿತು, ಕಂಟೇನರ್ ತೇಲಿತು. ಅರ್ಧ ದಾರಿಯಲ್ಲಿ ಲಸಿಕೆಯ ಪೆಟ್ಟಿಗೆ ಎದುರಾದಾಗ ಎಂಬತ್ತು ಜನ ಕಿಟಕಿಯಿಂದ ಕೈಬೀಸಿ ಕೇಕೆ ಹಾಕಿದರು. ಸಂಜೆಗೆ ಗೌರಿಗೆ ಸೂಜಿ ಬಿತ್ತು. ಅದರ ಒಡತಿ ಮಾತ್ರ ಆಗ ಮೊಣಕಾಲುದ್ದ ಅಲೆಯಲ್ಲಿ ನಿಂತು ಕಿರುಚುತ್ತಿದ್ದಳು.

"ಅಜ್ಜಿ, ಬಂದದ್ದೇನೋ ಬಂದಿರಿ, ಇನ್ನು ಹತ್ತುವುದು ಹೇಗೆ? ಮೇಲಿಂದ ಭಾರ ಇಳಿಯಬೇಕಲ್ಲ" ಎಂದ ರೇಗೊ.

ಅದನ್ನು ಯಾರೂ ಯೋಚಿಸಿರಲಿಲ್ಲ! ಸುದ್ದಿ ಕುಂಬಾರಗುಡ್ಡಕ್ಕೆ ಮುಟ್ಟಿತು. ತಮ್ಮವರು ಮನೆಗೆ ಬರಬೇಕಲ್ಲ? ಕೊಳ್ಳುವವರಿಲ್ಲದೆ ಮೂಲೆ ಸೇರಿದ್ದ ಶುಂಠಿ, ಕುಂಬಳಕಾಯಿ, ಗಡಿಗೆ, ಮಡಕೆ ಎಲ್ಲ ಮನೆಮನೆಯಿಂದ ಬಂದವು. ಬೆಳಗಿನ ಬಿಸಿಲಿಗೆ ಅವೆಲ್ಲ ಇಳಿದವು, ಜನ ಏರಿದರು. ಬಂದರಿನಲ್ಲಿದ್ದ ಹಡಗಿನವರು ಆ ಶುಂಠಿಯನ್ನು ಮೂಸಿ ನೋಡಿ, "ಇನ್ನೂ ಇದೆಯಾ?" ಎಂದು ಕೇಳಿದರಂತೆ. ಆಮೇಲೆ ಕುಂಬಾರಗುಡ್ಡದಲ್ಲಿ ಖಾಲಿ ಕಂಟೇನರ್ ನಿಲ್ಲಲಿಲ್ಲ.

ತೂಗುಹಗ್ಗ ಬರಲು ಇನ್ನೂ ನಲವತ್ತು ವರ್ಷ ಇದೆ. ಆದರೆ ನೀವು ಇದನ್ನು ಓದುವ ಹೊತ್ತಿಗೂ ಘಾಟಿಯಲ್ಲಿ ಲಾರಿಗಳು ಸಾಲುಗಟ್ಟಿ ಇಳಿಯುತ್ತಿವೆ. ಮುಂದಿನ ಸಲ ಅವುಗಳ ಹಿಂದೆ ಸಿಕ್ಕಿಕೊಂಡಾಗ ಬೈಯುವ ಮೊದಲು ಟಾರ್ಪಾಲಿನ ಸಂದಿಯಲ್ಲಿ ಇಣುಕಿ ನೋಡಿ. ಇಳಿಯುತ್ತಿರುವುದು ಶುಂಠಿಯೋ, ಗುಡ್ಡವೋ?